ಸಂರಕ್ಷಿತ ಪ್ರದೇಶಗಳಲ್ಲಿ ಜ್ಞಾನದ ಹಂಚಿಕೆ: ಅಧ್ಯಯನ ಟಿಪ್ಪಣಿ

ಈ ವಿಷಯವನ್ನು ಓದಲು ತೊಡಗುವವರು ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ‘ಅರಿವು ಮೂಡಿಸುವುದು’ ಒಂದು, ‘ಅರಿವು ಹಂಚಿಕೊಳ್ಳುವುದು’ ಇನ್ನೊಂದು. ಮೊದಲನೆಯದರಲ್ಲಿ ತಿಳಿದವರು ಒಂದು ಕಡೆ, ತಿಳಿಯದವರು ಮತ್ತೊಂದು ಕಡೆ ಎಂಬ ಎಣಿಕೆ ಅಡಗಿದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೂ ಅಂಚಿನಲ್ಲೂ ತಲೆಮಾರುಗಳಿಂದ ಬಾಳಿರುವ ಸಮುದಾಯಗಳ ವಿಷಯದಲ್ಲಿ ಈ ಎಣಿಕೆ ನಿಲ್ಲುವುದಿಲ್ಲ. ಸಂಶೋಧಕರು ಕೆಲವು ವರ್ಷ ಅಳೆದು ತಿಳಿಯುವ ನೆಲವನ್ನು ಅವರು ಬದುಕಿಡೀ ನೋಡಿರುತ್ತಾರೆ.

ಆಸ್ಟ್ರೇಲಿಯಾದ ಉತ್ತರದಲ್ಲಿ ಸುಮಾರು 20,000 ಚದರ ಕಿಲೋಮೀಟರ್ ಹರಡಿರುವ ಕಕಾಡು ರಾಷ್ಟ್ರೀಯ ಉದ್ಯಾನವನ್ನು ನೋಡೋಣ. ಅಲ್ಲಿನ ಮೂಲನಿವಾಸಿಗಳಾದ ಬಿನಿಂಜ್ ಮತ್ತು ಮುಂಗುಯ್ ಜನರು ವರ್ಷವನ್ನು ಆರು ಋತುಗಳಾಗಿ ಗುರುತಿಸುತ್ತಾರೆ. ಮಳೆ ಹಿಂದೆ ಸರಿದು, ನೆಲದಲ್ಲಿ ಇನ್ನೂ ತೇವವಿರುವ ಯೆಗ್ಗೆ ಋತುವಿನಲ್ಲಿ ಅವರು ಅಲ್ಲಲ್ಲಿ ಹುಲ್ಲಿಗೆ ಬೆಂಕಿ ಕೊಡಲು ಆರಂಭಿಸುತ್ತಾರೆ. ಆ ಬೆಂಕಿ ಮೆಲ್ಲಗೆ, ತಗ್ಗಿನಲ್ಲೇ ಹರಿಯುತ್ತದೆ; ಹೀಗೆ ಸುಟ್ಟ ನೆಲದ ತುಂಡುಗಳು ನಡುನಡುವೆ ಉಳಿದಿರುವುದರಿಂದ, ಒಣಗಾಲದ ಕೊನೆಯಲ್ಲಿ ಹತ್ತುವ ಉಗ್ರ ಕಾಳ್ಗಿಚ್ಚಿಗೆ ಒಂದೇ ಸಮನೆ ಹಬ್ಬಲು ದಾರಿ ಸಿಗುವುದಿಲ್ಲ. ಬೆಂಕಿಯೆಂದರೆ ನಾಶವೆಂದೇ ಬಗೆದವರಿಗೆ ಇದನ್ನು ಒಪ್ಪುವುದು ಸುಲಭವಾಗಿರಲಿಲ್ಲ. ಇಲ್ಲಿ ವಿಜ್ಞಾನದ ಪಾಲೂ ಇದೆ: ಎಲ್ಲಿ, ಯಾವಾಗ, ಎಷ್ಟು ಸುಟ್ಟಿತೆಂಬುದನ್ನು ಉಪಗ್ರಹ ಚಿತ್ರಗಳು ತೋರಿಸುತ್ತವೆ, ಹೊಗೆಯಲ್ಲಿ ಹೊರಬೀಳುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್‌ಗಳನ್ನು ಲೆಕ್ಕ ಹಾಕಬಹುದು. ನೆರೆಯ ಪಶ್ಚಿಮ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ 2006ರಿಂದ ನಡೆದಿರುವ ಬೆಂಕಿ ನಿರ್ವಹಣೆಯ ಯೋಜನೆಯಲ್ಲಿ ಸ್ಥಳೀಯ ಸಮುದಾಯಗಳಿಗೆ ಸೇರಿದ, ನೆಲ ಕಾಯುವ ರಕ್ಷಕರೂ ವಿಜ್ಞಾನಿಗಳೂ ಈ ಎರಡು ತಿಳಿವಳಿಕೆಗಳನ್ನು ಕೂಡಿಸಿ ಕೆಲಸ ಮಾಡಿದ್ದಾರೆ. ಹೊತ್ತನ್ನು ನಿರ್ಧರಿಸುವುದು ನೆಲವನ್ನು ಬಲ್ಲವರ ಕಣ್ಣು, ಫಲವನ್ನು ಅಳೆಯುವುದು ಉಪಕರಣ. ಹಂಚಿಕೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಅರ್ಥವನ್ನು ನಾನು ಬೇರೆಡೆ ಕಂಡಿಲ್ಲ.

ಸ್ಥಳೀಯರ ಅರಿವು, ವಿಜ್ಞಾನದ ಲೆಕ್ಕ ಎರಡೂ ಹೊಂದದಿದ್ದಾಗ ಏನು ಮಾಡಬೇಕು? ಸಂರಕ್ಷಿತ ಪ್ರದೇಶದ ಉದಾಹರಣೆ ಅಲ್ಲದಿದ್ದರೂ ಅಲಾಸ್ಕದ ಬೋಹೆಡ್ ತಿಮಿಂಗಿಲಗಳ ಪ್ರಸಂಗ ಇಲ್ಲಿ ನೆನಪಿಡತಕ್ಕದ್ದು. 1977ರಲ್ಲಿ ಅವುಗಳ ಸಂಖ್ಯೆ ಬಹಳ ಕಡಿಮೆಯೆಂಬ ಅಂದಾಜಿನ ಮೇಲೆ ಬೇಟೆಯನ್ನು ನಿಲ್ಲಿಸುವ ನಿರ್ಧಾರವಾದಾಗ, ಅಲ್ಲಿನ ಮೂಲನಿವಾಸಿಗಳಾದ ಇನುಪಿಯಾಟ್ ಬೇಟೆಗಾರರು ತಿಮಿಂಗಿಲಗಳು ಮಂಜುಗಡ್ಡೆಯ ಅಡಿಯಲ್ಲೂ ಸಾಗುತ್ತವೆ, ಕಣ್ಣಿಗೆ ಕಂಡವನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ ಎಂದು ಹೇಳಿದರು. ಮುಂದೆ ನೀರಿನೊಳಗೆ ಧ್ವನಿಗ್ರಾಹಕಗಳನ್ನು ಇಳಿಸಿ ಎಣಿಸಿದಾಗ ಅವರ ಮಾತು ನಿಜವಾಯಿತು. ಭಿನ್ನಾಭಿಪ್ರಾಯವನ್ನು ಪರೀಕ್ಷಿಸಬಹುದಾದ ಪ್ರಶ್ನೆಯಾಗಿ ಬದಲಿಸಿದ್ದೇ ಇಲ್ಲಿ ಗಮನಿಸಬೇಕಾದ ವಿಧಾನ.

ಕಾನೂನಿನ ನೆಲೆಯನ್ನು ಚಿಕ್ಕದಾಗಿ ಹೇಳಬಹುದು. 1992ರ ಜೈವಿಕ ವೈವಿಧ್ಯ ಒಪ್ಪಂದದ 8(ಜೆ) ವಿಧಿಯು ಸಾಂಪ್ರದಾಯಿಕ ಜ್ಞಾನವನ್ನು ಗೌರವಿಸಿ ಉಳಿಸಬೇಕೆಂದೂ, ಅದರ ವ್ಯಾಪಕ ಬಳಕೆಗೆ ಜ್ಞಾನವುಳ್ಳವರ ಒಪ್ಪಿಗೆ ಇರಬೇಕೆಂದೂ, ಲಾಭ ನ್ಯಾಯವಾಗಿ ಹಂಚಿಕೆಯಾಗಬೇಕೆಂದೂ ಹೇಳುತ್ತದೆ. ಅದೇ ಒಪ್ಪಂದದಡಿ ರೂಪುಗೊಂಡ 2022ರ ಕುನ್ಮಿಂಗ್-ಮಾಂಟ್ರಿಯಲ್ ಜೈವಿಕ ವೈವಿಧ್ಯ ಚೌಕಟ್ಟಿನ 21ನೆಯ ಗುರಿಯು ಮುಕ್ತವಾದ, ಮುಂಚಿತವಾದ, ವಿಷಯ ತಿಳಿದು ಕೊಟ್ಟ ಸಮ್ಮತಿಯನ್ನು ಮತ್ತೆ ಒತ್ತಿ ಹೇಳಿದೆ.

ಕಲಿಯುವವರು ಹೆಚ್ಚಾಗಿ ಎಡವುವ ಜಾಗ ಇದೇ. ಹಂಚಿಕೊಳ್ಳುವುದೆಂದರೆ ಎಲ್ಲವನ್ನೂ ಬಹಿರಂಗಪಡಿಸುವುದು ಎಂದು ಭಾವಿಸುತ್ತೇವೆ. ಆದರೆ ಅಪರೂಪದ ಔಷಧಿ ಗಿಡ ಬೆಳೆಯುವ ತಾಣವನ್ನು ನಕಾಶೆಯಲ್ಲಿ ಗುರುತಿಸಿ ಪ್ರಕಟಿಸಿದರೆ, ಅದನ್ನು ಮೊದಲು ಬಳಸಿಕೊಳ್ಳುವವರು ಕಳ್ಳಸಾಗಣೆದಾರರೇ ಆಗಬಹುದು. ಪೂಜಾಸ್ಥಳಗಳಿಗೆ ಸಂಬಂಧಿಸಿದ ಕೆಲವು ಸಂಗತಿಗಳನ್ನು ಸಮುದಾಯದೊಳಗೇ ಎಲ್ಲರಿಗೂ ಹೇಳದಿರುವ ಕಟ್ಟುಪಾಡೂ ಇರುತ್ತದೆ. ಆದ್ದರಿಂದ ಯಾವುದನ್ನು ಬರೆಯಬೇಕು, ಯಾವುದನ್ನು ಬರೆಯಬಾರದು ಎಂಬ ತೀರ್ಮಾನ ಹೇಳಿದವರದ್ದೇ ಆಗಿರಬೇಕು. ಮೂಲನಿವಾಸಿಗಳ ದತ್ತಾಂಶಕ್ಕಾಗಿ 2019ರಲ್ಲಿ ರೂಪುಗೊಂಡ ‘ಕೇರ್’ (ಸಾಮೂಹಿಕ ಲಾಭ, ನಿಯಂತ್ರಣದ ಅಧಿಕಾರ, ಹೊಣೆ, ನೈತಿಕತೆ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ತತ್ತ್ವಗಳಲ್ಲಿ ನಿಯಂತ್ರಣದ ಅಧಿಕಾರವೂ ಒಂದಾಗಿದೆ.

ಫಲಿತಾಂಶವನ್ನು ಹಿಂದಿರುಗಿಸುವ ಬಗ್ಗೆ ಒಂದು ಮಾತು. ವರದಿಯ ಪ್ರತಿಯನ್ನು ಕಚೇರಿಗೆ ತಲುಪಿಸಿದರೆ ಹೊಣೆ ತೀರುವುದಿಲ್ಲ. ಜನರ ಮಾತಿನಲ್ಲಿ, ಅವರ ಕೆಲಸದ ಬಿಡುವು ನೋಡಿ, ನಕಾಶೆಯನ್ನು ಎದುರಿಗೆ ಹರಡಿ ಕುಳಿತರೆ ಅವರು ತಪ್ಪುಗಳನ್ನು ತೋರಿಸುತ್ತಾರೆ. ಅಚ್ಚಿಗೆ ಹೋಗುವ ಮೊದಲೇ ಇದು ಆಗಬೇಕು. ಒಮ್ಮೆ ಕೊಟ್ಟ ಒಪ್ಪಿಗೆ ಆ ಒಂದು ಕೆಲಸಕ್ಕೆ ಮಾತ್ರ. ಹಿರಿಯರೊಬ್ಬರ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದರೆ, ಅವರ ನಂತರ ಅದು ಯಾರ ಬಳಿ ಇರಬೇಕು, ಬೇರೆ ಅಧ್ಯಯನಕ್ಕೆ ಕೇಳಿಬಂದರೆ ಯಾರು ಅನುಮತಿ ಕೊಡಬೇಕು ಎಂಬುದನ್ನು ಧ್ವನಿಮುದ್ರಣಕ್ಕೆ ಮುಂಚೆಯೇ ಅವರೊಂದಿಗೆ ಮಾತಾಡಿ ಬರೆದಿಟ್ಟುಕೊಳ್ಳಬೇಕು.