ಜಿಂಕ್ ಮಾತ್ರೆ ಮತ್ತು ಗಂಡಸಿನ ಚಿಂತೆ

1958ರಲ್ಲಿ ಇರಾನಿನ ಶಿರಾಜ್ ಊರಿನ ಆಸ್ಪತ್ರೆಗೆ ಒಬ್ಬ ಹುಡುಗ ಬಂದ. ನೋಡಿದರೆ ಹತ್ತು ವರ್ಷದವನ ಹಾಗಿದ್ದ. ವಯಸ್ಸು ಕೇಳಿದರೆ 21! ಮೀಸೆ ಇಲ್ಲ, ಗಡ್ಡ ಇಲ್ಲ, ಜನನಾಂಗ ಇನ್ನೂ ಚಿಕ್ಕ ಮಗುವಿನದರಷ್ಟೇ. ಮೈಯಲ್ಲಿ ರಕ್ತ ತೀರಾ ಕಡಿಮೆ. ಲಿವರ್, ಗುಲ್ಮ ಎರಡೂ ಊದಿದ್ದವು. ಊಟ ಏನಪ್ಪಾ ಅಂದರೆ, ಹುದುಗು ಬರಿಸದ ಗೋಧಿ ರೊಟ್ಟಿ. ಮಾಂಸದ ಮಾತೇ ಇಲ್ಲ. ಜೊತೆಗೆ ದಿನಕ್ಕೆ ಅರ್ಧ ಕಿಲೋ ಜೇಡಿಮಣ್ಣು ತಿನ್ನುವ ಚಟ.

ಅವನನ್ನು ನೋಡಿದ ಡಾಕ್ಟರು ನಮ್ಮವರೇ. ಬಿಹಾರದ ಬಕ್ಸರ್‌ನ ಆನಂದ ಪ್ರಸಾದ್. ಪಟ್ನಾದಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಅಲ್ಲಿಂದ ಶಿರಾಜ್‌ಗೆ ಕೆಲಸಕ್ಕೆ ಬಂದಿದ್ದರು. ಇಂಥದ್ದೇ ರೋಗಿಗಳು ಒಬ್ಬರ ಹಿಂದೆ ಒಬ್ಬರು ಸಿಗತೊಡಗಿದರು. ರಕ್ತ ಕಡಿಮೆ ಇರುವುದಕ್ಕೆ ಕಬ್ಬಿಣದ ಕೊರತೆ ಕಾರಣ ಅನ್ನಬಹುದು, ಸರಿ. ಆದರೆ ಕಬ್ಬಿಣ ಕಡಿಮೆಯಾದ ಮಾತ್ರಕ್ಕೆ ವೃಷಣ ಬೆಳೆಯದೆ ಉಳಿಯುವುದನ್ನು ಯಾರೂ ಕಂಡಿರಲಿಲ್ಲ. ಇಲಿ, ಹಂದಿಗಳಿಗೆ ಜಿಂಕ್ (ಸತು) ಬೇಕೇ ಬೇಕು ಅನ್ನುವುದು ಆ ಹೊತ್ತಿಗೆ ಗೊತ್ತಾಗಿತ್ತು. ಮನುಷ್ಯನಿಗೂ ಇದೇ ಕಥೆ ಇರಬಹುದಾ ಎಂದು ಪ್ರಸಾದ್ ತಲೆ ಓಡಿಸಿದರು. 1961ರಲ್ಲಿ ತಮ್ಮ ಜೊತೆಗಾರರೊಂದಿಗೆ ಆ ರೋಗಿಗಳ ಬಗ್ಗೆ ಬರೆದರು. ಆಮೇಲೆ ಈಜಿಪ್ಟಿಗೆ ಹೋಗಿ ಅಲ್ಲಿನ ಇಂಥದ್ದೇ ಹುಡುಗರ ರಕ್ತ, ಕೂದಲು ಪರೀಕ್ಷಿಸಿದಾಗ ಜಿಂಕ್ ಕಡಿಮೆ ಇದ್ದದ್ದು ಸಿಕ್ಕಿತು.

ಜಿಂಕ್ ಕೊಟ್ಟರು. ಒಂದೇ ವರ್ಷದಲ್ಲಿ ಹುಡುಗರು ಐದಾರು ಇಂಚು ಬೆಳೆದರು. ಕೆಲವೇ ತಿಂಗಳಲ್ಲಿ ಜನನಾಂಗ ಬೆಳೆಯಿತು, ಕೂದಲು ಬಂತು, ಹರೆಯದ ಲಕ್ಷಣ ಒಂದೊಂದಾಗಿ ಕಾಣಿಸಿಕೊಂಡವು. ಆದರೂ ಬಹಳ ದಿನ ಈ ಮಾತನ್ನು ನಂಬದವರೇ ಜಾಸ್ತಿ ಇದ್ದರು. ಅಮೆರಿಕದವರು ದಿನದ ಆಹಾರದಲ್ಲಿ ಇಷ್ಟು ಜಿಂಕ್ ಇರಲೇಬೇಕು ಎಂದು ಗೊತ್ತುಪಡಿಸಿದ್ದು 1974ರಲ್ಲಿ.

ನಮ್ಮಲ್ಲೂ ಬಸುರಿಯರು, ಮಕ್ಕಳು ಕದ್ದುಮುಚ್ಚಿ ಮಣ್ಣು, ಬಳಪ ತಿನ್ನುತ್ತಾರಲ್ಲ, ಅದನ್ನು ಸುಮ್ನೆ ಗದರಿಸಿ ಬಿಡಬಾರದು. ಮೈಯಲ್ಲಿ ಕಬ್ಬಿಣ ಕಡಿಮೆಯಾದಾಗ ಈ ಚಪಲ ಹುಟ್ಟುವುದು ಸಾಮಾನ್ಯ. ತಿಂದ ಮಣ್ಣು ಹೊಟ್ಟೆಯಲ್ಲಿ ಕಬ್ಬಿಣವನ್ನೂ ಜಿಂಕನ್ನೂ ಹಿಡಿದಿಟ್ಟುಕೊಂಡು ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತೆ.

ಜಿಂಕ್‌ಗೆ ಗಂಡಸಿನ ಮೈಯಲ್ಲಿ ಏನು ಕೆಲಸ? ತುಂಬಾ ಇದೆ. ವೃಷಣದಲ್ಲಿ ಟೆಸ್ಟೋಸ್ಟೀರಾನ್ ಅನ್ನುವ ಗಂಡಸುತನದ ಹಾರ್ಮೋನು ತಯಾರಾಗುತ್ತೆ. ಅದು ರಕ್ತದಲ್ಲಿ ಹರಿದು ಬಂದ ಮಾತ್ರಕ್ಕೆ ಕೆಲಸ ಆಗಲ್ಲ. ಜೀವಕೋಶದೊಳಗೆ ಅದನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನ್ ಇರಬೇಕು. ಆ ಪ್ರೋಟೀನ್ ಹೋಗಿ ಡಿಎನ್‌ಎ ಮೇಲೆ ಕೂತಾಗಲೇ ಮೀಸೆ ಬಾ ಅಂತಲೋ ಸ್ನಾಯು ಬೆಳೆ ಅಂತಲೋ ಅಪ್ಪಣೆ ಹೊರಡುವುದು. ಡಿಎನ್‌ಎ ಮೇಲೆ ಕೂರುವ ಭಾಗದಲ್ಲಿ ಬೆರಳಿನಂಥ ಎರಡು ಮಡಿಕೆಗಳಿವೆ. ಒಂದೊಂದು ಮಡಿಕೆಯ ಬುಡದಲ್ಲೂ ಒಂದು ಜಿಂಕ್ ಪರಮಾಣು. ಅದು ಸುತ್ತಲಿನ ನಾಲ್ಕು ಕೊಂಡಿಗಳನ್ನು ಹಿಡಿದು ನಿಂತಿರುತ್ತೆ. ಜಿಂಕ್ ಕಳಚಿದರೆ ಮಡಿಕೆ ಬಿಚ್ಚಿಹೋಗುತ್ತೆ, ಅಪ್ಪಣೆ ಹೊರಡಲ್ಲ. ಇನ್ನು ವೀರ್ಯದ ದ್ರವ ಒದಗಿಸುವ ಪ್ರಾಸ್ಟೇಟ್ ಗ್ರಂಥಿಯಂತೂ ಜಿಂಕ್‌ನ ಉಗ್ರಾಣವೇ. ವೀರ್ಯದಲ್ಲಿರುವ ಜಿಂಕ್, ರಕ್ತದ ದ್ರವದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರಲೂ ಅದು ಬೇಕು.

ಪ್ರಸಾದ್ 1996ರಲ್ಲಿ ಇನ್ನೊಂದು ಪ್ರಯೋಗದ ಫಲ ಪ್ರಕಟಿಸಿದರು. ಆರೋಗ್ಯವಾಗಿದ್ದ ನಾಲ್ಕು ಯುವಕರಿಗೆ 20 ವಾರ ಜಿಂಕ್ ಕಡಿಮೆ ಇರುವ ಊಟ ಕೊಟ್ಟರು. ಅವರ ಟೆಸ್ಟೋಸ್ಟೀರಾನ್ ಲೀಟರಿಗೆ ಸರಾಸರಿ 39.9 ನ್ಯಾನೋಮೋಲ್ ಇದ್ದದ್ದು 10.6ಕ್ಕೆ ಇಳಿಯಿತು. ಇನ್ನೊಂದು ಗುಂಪು ವಯಸ್ಸಾದವರದ್ದು, ಒಟ್ಟು ಒಂಬತ್ತು ಜನ. ಅವರಲ್ಲಿ ಜಿಂಕ್ ಸ್ವಲ್ಪ ಕಡಿಮೆಯೇ ಇತ್ತು. ಅವರಿಗೆ ಜಿಂಕ್ ಕೊಟ್ಟಾಗ 8.3 ಇದ್ದದ್ದು 16ಕ್ಕೆ ಏರಿತು.

ಇಷ್ಟು ಸಾಕಾಯ್ತು ನೋಡಿ ವ್ಯಾಪಾರಿಗಳಿಗೆ. ‘ಜಿಂಕ್ ತಗೊಂಡರೆ ಟೆಸ್ಟೋಸ್ಟೀರಾನ್ ದುಪ್ಪಟ್ಟು’ ಎಂದು ಜಿಮ್ಮಿನ ಹುಡುಗರಿಗೆ ಡಬ್ಬಿಗಟ್ಟಲೆ ಮಾರುವವರು ನೆಚ್ಚಿಕೊಂಡಿರುವುದು ಇಂಥ ಲೆಕ್ಕವನ್ನೇ. ಆ ಒಂಬತ್ತು ಜನರಲ್ಲಿ ಮೊದಲೇ ಕೊರತೆ ಇತ್ತು ಅನ್ನುವುದನ್ನು ಮಾತ್ರ ಯಾರೂ ಡಬ್ಬಿ ಮೇಲೆ ಬರೆಯಲ್ಲ. ಕೊರತೆ ಇಲ್ಲದವನಿಗೆ ಜಿಂಕ್ ಕೊಡುವುದು ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ.

ಇದು ಬರೀ ಊಹೆ ಅಲ್ಲ. ಮಗುವಿಗಾಗಿ ಚಿಕಿತ್ಸೆಗೆ ಬಂದ 2370 ದಂಪತಿಗಳನ್ನು ಸೇರಿಸಿ ಅಮೆರಿಕದಲ್ಲಿ ದೊಡ್ಡ ಪರೀಕ್ಷೆಯೊಂದು ನಡೆಯಿತು. ಫಲಿತಾಂಶ ಬಂದದ್ದು 2020ರಲ್ಲಿ. ಅರ್ಧದಷ್ಟು ಗಂಡಸರಿಗೆ ದಿನಕ್ಕೆ 30 ಮಿಲಿಗ್ರಾಂ ಜಿಂಕ್ ಮತ್ತು 5 ಮಿಲಿಗ್ರಾಂ ಫೋಲಿಕ್ ಆಸಿಡ್ ಅನ್ನುವ ವಿಟಮಿನ್, ಉಳಿದವರಿಗೆ ಔಷಧ ಇಲ್ಲದ ಸುಳ್ಳು ಮಾತ್ರೆ. ಆರು ತಿಂಗಳು ಕೊಟ್ಟರು. ಒಂದು ವೀರ್ಯಾಣು ತಯಾರಾಗಲು ಹೆಚ್ಚುಕಡಿಮೆ ಎರಡೂವರೆ ತಿಂಗಳು ಬೇಕು, ಹಾಗಾಗಿ ಆರು ತಿಂಗಳು ಸಾಕಷ್ಟು ಕಾಲವೇ. ಕೊನೆಗೆ ಜಿಂಕ್ ತಗೊಂಡವರ ಕಡೆ ನೂರಕ್ಕೆ 34 ದಂಪತಿಗಳಿಗೆ ಮಗು ಆಯಿತು. ಸುಳ್ಳು ಮಾತ್ರೆಯವರ ಕಡೆ 35. ವೀರ್ಯಾಣುಗಳ ಸಂಖ್ಯೆ, ಓಟ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಮಾತ್ರೆ ನುಂಗಿದವರಿಗೆ ಹೊಟ್ಟೆನೋವು, ವಾಕರಿಕೆ ಸ್ವಲ್ಪ ಜಾಸ್ತಿ, ಅಷ್ಟೇ. ಜೊತೆಗೆ ಅವರ ವೀರ್ಯಾಣುಗಳಲ್ಲಿ ಮುರಿದ ಡಿಎನ್‌ಎ ಕೊಂಚ ಹೆಚ್ಚೇ ಇತ್ತು.

ಅತಿಯಾದರೆ ಬೇರೆ ತೊಂದರೆಯೂ ಉಂಟು. ತಿಂಗಳುಗಟ್ಟಲೆ ಜಾಸ್ತಿ ಜಿಂಕ್ ನುಂಗಿದರೆ ಕರುಳು ತಾಮ್ರವನ್ನು ಒಳಗೆ ಬಿಡುವುದಿಲ್ಲ. ತಾಮ್ರ ಕಡಿಮೆಯಾದರೆ ರಕ್ತಹೀನತೆ ಬರುತ್ತೆ, ಕಾಲು ಜೋಮು ಹಿಡಿಯುತ್ತೆ, ನಡಿಗೆ ತಪ್ಪುತ್ತೆ. ಆಹಾರ, ಮಾತ್ರೆ ಎಲ್ಲ ಸೇರಿ ದಿನಕ್ಕೆ 40 ಮಿಲಿಗ್ರಾಂ ದಾಟಬಾರದು ಎನ್ನುವುದು ಅಮೆರಿಕದವರ ಲೆಕ್ಕ. ಕೊರೊನಾ ಸಮಯದಲ್ಲಿ ಶುರುಮಾಡಿದ 50 ಮಿಲಿಗ್ರಾಂ ಮಾತ್ರೆಯನ್ನು ಇನ್ನೂ ದಿನಾ ನುಂಗುವವರು ಇದನ್ನೊಮ್ಮೆ ಯೋಚಿಸಬೇಕು.

ಹಾಗಾದರೆ ನಮ್ಮ ಊಟದಲ್ಲಿ ಕೊರತೆ ಇದೆಯಾ? ಇರಬಹುದು. ಗಂಡಸಿಗೆ ದಿನಕ್ಕೆ 11 ಮಿಲಿಗ್ರಾಂ ಜಿಂಕ್ ಸಾಕು ಅನ್ನುತ್ತೆ ಅಮೆರಿಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಮಗೆ ಹೇಳಿದ್ದು 17. ನಮ್ಮವರಿಗೇಕೆ ಜಾಸ್ತಿ? ಅದೇ ಶಿರಾಜ್ ರೊಟ್ಟಿಯ ಸಮಸ್ಯೆ. ಕಾಳು, ಬೇಳೆ, ರಾಗಿ, ಜೋಳ, ಗೋಧಿ ಎಲ್ಲದರಲ್ಲೂ ಫೈಟೇಟ್ ಅನ್ನುವ ಪದಾರ್ಥ ಇರುತ್ತೆ. ಅದು ಜಿಂಕನ್ನೂ ಕಬ್ಬಿಣವನ್ನೂ ಕಚ್ಚಿ ಹಿಡಿದು ಹಾಗೇ ಹೊರಗೆ ಸಾಗಿಸಿಬಿಡುತ್ತೆ. ತಟ್ಟೆಯಲ್ಲಿ ಇದ್ದದ್ದೆಲ್ಲ ಮೈಗೆ ಸೇರಲ್ಲ.

ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಾಗ ಮೊಳಕೆ ಒಡೆಯುತ್ತಲ್ಲ, ಆಗ ಕಾಳಿನೊಳಗಿನ ಕಿಣ್ವವೊಂದು ಎಚ್ಚೆತ್ತು ಫೈಟೇಟನ್ನು ಒಡೆಯತೊಡಗುತ್ತೆ. ಹಿಟ್ಟು ಹುಳಿ ಬಂದಾಗಲೂ ಅಷ್ಟೇ. ದೋಸೆ, ಇಡ್ಲಿ, ಹುಳಿ ಬರಿಸಿದ ರಾಗಿ ಅಂಬಲಿ, ಮೊಳಕೆ ಹುರುಳಿಕಾಳಿನ ಸಾರು ಇವೆಲ್ಲ ಈ ಲೆಕ್ಕದಲ್ಲಿ ಜಾಣತನದ ಅಡುಗೆ. ಮಾಂಸ, ಮೊಟ್ಟೆ, ಏಡಿ ತಿನ್ನುವವರಿಗೆ ಜಿಂಕ್ ಸಲೀಸಾಗಿ ಸಿಗುತ್ತೆ. ಎಲ್ಲಕ್ಕಿಂತ ಹೆಚ್ಚು ಇರುವುದು ಸಮುದ್ರದ ಕಲ್ಲಿಗೆ ಅಂಟಿಕೊಂಡು ಬೆಳೆಯುವ ಸಿಂಪಿಯಲ್ಲಿ. ಸಸ್ಯಾಹಾರಿಗಳಿಗೆ ಎಳ್ಳು, ಕುಂಬಳಬೀಜ, ಕಡಲೆಕಾಯಿ, ಕಡಲೆಕಾಳು ಇವೆ. ಎಳ್ಳುಪುಡಿ ಊಟಕ್ಕೆ ಒಂದು ಚಮಚ ಹಾಕಿಕೊಂಡರೆ ಖರ್ಚೇನೂ ಬರಲ್ಲ.

ಸೆಲೆನಿಯಂ ಅನ್ನುವ ಇನ್ನೊಂದು ಖನಿಜದ ಬಗ್ಗೆ ಎರಡೇ ಮಾತು. ವೀರ್ಯಾಣುವಿನ ನಡುಭಾಗ ಗಟ್ಟಿಯಾಗಿರಲು ಸೆಲೆನಿಯಂ ಇರುವ ಒಂದು ಪ್ರೋಟೀನ್ ಬೇಕು, ಇಲ್ಲದಿದ್ದರೆ ಬಾಲ ಸರಿಯಾಗಿ ಬಡಿಯಲ್ಲ. ಆದರೆ ಮೈಗೆ ಬೇಕಾದದ್ದು ತೀರಾ ಸ್ವಲ್ಪ. ಜಾಸ್ತಿಯಾದರೆ ಕೂದಲು ಉದುರಿ ಉಗುರು ಪೆಡಸಾಗುತ್ತೆ. ಕಬ್ಬಿಣದ್ದೂ ಇದೇ ಪಾಡು. ತಲಸೇಮಿಯಾ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಮೇಲಿಂದ ಮೇಲೆ ರಕ್ತ ಕೊಡುತ್ತಾರೆ. ಆ ರಕ್ತದ ಕಬ್ಬಿಣ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಸೇರಿಕೊಂಡರೆ ಹರೆಯವೇ ತಡವಾಗುತ್ತೆ, ಕೆಲವರಿಗೆ ಬರುವುದೇ ಇಲ್ಲ. ಅದಕ್ಕೇ ಅವರಿಗೆ ಕಬ್ಬಿಣ ಹೊರಹಾಕುವ ಔಷಧಿ ಕೊಡುವುದು.

ನನ್ನ ಪ್ರಕಾರ ನಲವತ್ತು ದಾಟಿದ ಗಂಡಸು ಮೊದಲು ಲೆಕ್ಕ ಇಡಬೇಕಾದ ಖನಿಜ ಜಿಂಕ್ ಅಲ್ಲ, ಸೋಡಿಯಂ. ಅಂದರೆ ಉಪ್ಪು. ನಿಮಿರುವಿಕೆ ಅನ್ನುವುದು ಮುಕ್ಕಾಲು ಪಾಲು ರಕ್ತನಾಳದ ಕೆಲಸ. ನಾಳದ ಒಳಗೋಡೆ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಬಿಡುಗಡೆ ಮಾಡಬೇಕು, ನಾಳ ಸಡಿಲವಾಗಬೇಕು, ರಕ್ತ ನುಗ್ಗಬೇಕು. ಈ ಅನಿಲ ರಕ್ತನಾಳಗಳಿಗೆ ಸುದ್ದಿ ಮುಟ್ಟಿಸುತ್ತೆ ಎಂದು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ದಾರಿಯಲ್ಲಿ ಕೆಲಸ ಮಾಡುವ ವಯಾಗ್ರ ಅಮೆರಿಕದ ಪೇಟೆಗೆ ಬಂದದ್ದೂ ಅದೇ ವರ್ಷ! ಉಪ್ಪು ಜಾಸ್ತಿಯಾದರೆ ಬಿಪಿ ಏರುತ್ತೆ. ಬಿಪಿ, ಶುಗರ್, ಬೀಡಿ ಸಿಗರೇಟು ಎಲ್ಲ ಈ ಒಳಗೋಡೆಯನ್ನೇ ಹಾಳುಮಾಡುತ್ತವೆ. ಶಿಶ್ನದ ರಕ್ತನಾಳದ ಅಗಲ ಒಂದೆರಡು ಮಿಲಿಮೀಟರ್, ಹೃದಯದ್ದು ಮೂರು ನಾಲ್ಕು. ಸಣ್ಣ ನಾಳ ಮೊದಲು ಕೈಕೊಡುತ್ತೆ. ನಿಮಿರುವಿಕೆಯ ತೊಂದರೆ ಎಷ್ಟೋ ಜನರಲ್ಲಿ ಹೃದಯದ ಕಾಯಿಲೆಗಿಂತ ಕೆಲವು ವರ್ಷ ಮೊದಲೇ ಕಾಣಿಸಿಕೊಳ್ಳುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಎಲ್ಲ ಸೇರಿಸಿ.

ನಾಚಿಕೊಂಡು ಡಾಕ್ಟರ ಹತ್ತಿರ ಹೋಗದವರು ಹೋಗುವುದು ಎಲ್ಲಿಗೆ? ರಸ್ತೆ ಬದಿಯ ಟೆಂಟಿಗೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದು 1954ರ ಕಾನೂನಿನ ಪ್ರಕಾರ ಅಪರಾಧ. ಗೋಡೆಗಳಿಗೆ ಅದು ಗೊತ್ತಿಲ್ಲ, ಬಿಡಿ. ಅಲ್ಲಿ ಸಿಗುವ ಭಸ್ಮದಲ್ಲಿ ಏನಿದೆ ಅನ್ನುವುದೇ ಭಯ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ತಂದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ವೀರ್ಯಾಣುಗಳನ್ನೇ ಕಡಿಮೆ ಮಾಡುವ ಲೋಹ. ಗಂಡಸುತನಕ್ಕೆ ಅಂತ ತಿಂದದ್ದು ಅದನ್ನೇ ಕಿತ್ತುಕೊಂಡರೆ! ‘ಗಿಡಮೂಲಿಕೆ’ ಅಂತ ಮಾರುವ ಕೆಲವು ಮಾತ್ರೆಗಳಲ್ಲಿ ವಯಾಗ್ರದ ಔಷಧಿಯನ್ನೇ ಗುಟ್ಟಾಗಿ ಬೆರೆಸಿದ್ದೂ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಳ್ಳುವವರು ಗೊತ್ತಿಲ್ಲದೆ ಇದನ್ನು ನುಂಗಿದರೆ ಬಿಪಿ ಧಡಕ್ಕನೆ ಕುಸಿದು ಜೀವಕ್ಕೇ ಕುತ್ತು.

ಡಾಕ್ಟರ ಹತ್ತಿರ ಹೋದರೆ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡುತ್ತಾರೆ. ಬೇಕಾದರೆ ಟೆಸ್ಟೋಸ್ಟೀರಾನ್ ಪರೀಕ್ಷೆ ಬರೆದುಕೊಡುತ್ತಾರೆ. ಅದಕ್ಕೆ ರಕ್ತ ಕೊಡುವುದು ಬೆಳಗ್ಗೆ ಹತ್ತು ಗಂಟೆಯೊಳಗೆ ಆದರೆ ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಈ ಹಾರ್ಮೋನು ತಾನಾಗಿಯೇ ಇಳಿಯುತ್ತೆ, ಸುಮ್ನೆ ಗಾಬರಿ ಆಗುತ್ತೆ. ಒಮ್ಮೆ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಮಕ್ಕಳಾಗಿಲ್ಲ ಎಂದು ವೀರ್ಯ ಪರೀಕ್ಷೆ ಮಾಡಿಸುವುದಾದರೆ ಅದಕ್ಕೆ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೊರಹೋಗದ ಹಾಗೆ ಬಿಡುವು ಇರಬೇಕು. ದಿನಾ ನುಂಗುವ ಪುಡಿ, ಲೇಹ್ಯ, ಜಿಮ್ಮಿನ ಡಬ್ಬಿ ಏನಿದ್ದರೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.