ವೆನಿಸ್‌ನದ್ದು ತಪ್ಪಲ್ಲ, ಬಸ್ಸಿನ ವೇಳೆ ನೋಡಿ

ಜೂನ್ ಮೊದಲ ವಾರ ಬಂತೆಂದರೆ ನಮ್ಮ ಟ್ರಾವೆಲ್ ಏಜೆನ್ಸಿ ಆಫೀಸಿನ ಫೋನಿಗೆ ಬಿಡುವೇ ಇರುವುದಿಲ್ಲ. ಏಪ್ರಿಲ್-ಮೇ ರಜೆಯಲ್ಲಿ ಯುರೋಪಿಗೆ ಹೋದವರೆಲ್ಲ ಅಷ್ಟರಲ್ಲಿ ವಾಪಸ್ ಬಂದಿರುತ್ತಾರೆ. ನಮ್ಮಲ್ಲಿ ಬುಕ್ ಮಾಡಿದವರಷ್ಟೇ ಅಲ್ಲ, ಬೇರೆ ಕಡೆ ಗ್ರೂಪ್ ಟೂರ್ ತೊಗೊಂಡು ಹೋದವರೂ ಫೋನ್ ಮಾಡುತ್ತಾರೆ. ಮುಂದಿನ ಸಲ ಹೇಗೆ ಹೋದರೆ ಒಳ್ಳೆಯದು ಅಂತ ಕೇಳುತ್ತಾರೆ. ಆದರೆ ಮಾತು ಶುರುವಾಗುವುದೇ ಬೇಸರದಿಂದ. "ಪ್ಯಾರಿಸ್ ಅಂದ್ರೆ ಏನೇನೋ ಅಂದ್ಕೊಂಡಿದ್ವಿ ಮೇಡಂ, ಅಂಥದ್ದೇನೂ ಕಾಣಿಸ್ಲಿಲ್ಲ." "ವೆನಿಸ್‌ನಲ್ಲಿ ಬರೀ ಜನ, ಬಿಸಿಲು." "ಬ್ರಸೆಲ್ಸ್‌ನಲ್ಲಿ ಒಂದು ಪುಟ್ಟ ಗೊಂಬೆ ತೋರಿಸಿ ಕರ್ಕೊಂಡು ಬಂದ್ರು."

ಈ ಬೇಸರವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು. ಎಷ್ಟೋ ಅಪ್ಪ-ಅಮ್ಮಂದಿರಿಗೆ ಅದೊಂದೇ ಪರದೇಶದ ಪ್ರವಾಸ. ಅದಕ್ಕೇ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಆ ಊರಿಗೆ ಎಷ್ಟು ಗಂಟೆಗೆ ತಲುಪಿದಿರಿ? ಎಷ್ಟು ಗಂಟೆಗೆ ಹೊರಟಿರಿ? ರಾತ್ರಿ ಎಲ್ಲಿ ಮಲಗಿದಿರಿ? ಉತ್ತರ ಕೇಳಿದರೆ ಸಾಕು, ಊರು ಚೆನ್ನಾಗಿಲ್ಲ ಅಂತ ಯಾಕೆ ಅನಿಸಿತು ಅನ್ನುವುದು ಹೆಚ್ಚು ಕಡಿಮೆ ಗೊತ್ತಾಗುತ್ತದೆ.

ವೆನಿಸ್ ಅನ್ನೇ ತೆಗೆದುಕೊಳ್ಳೋಣ. ಹತ್ತು ದಿನದಲ್ಲಿ ಏಳು ದೇಶ ತೋರಿಸುವ ಟೂರ್‌ಗಳಲ್ಲಿ ವೆನಿಸ್‌ಗೆ ಸಿಗುವುದು ಅರ್ಧ ದಿನ. ಬೆಳಿಗ್ಗೆ 8ಕ್ಕೆ ಆಸ್ಟ್ರಿಯಾದ ಇನ್ಸ್‌ಬ್ರುಕ್ ಕಡೆಯಿಂದ ಬಸ್ ಹೊರಡುತ್ತದೆ. ದಾರಿಯಲ್ಲಿ ನಿಲ್ಲಿಸುವುದೂ ಸೇರಿ ಹತ್ತಿರ ಹತ್ತಿರ ಐದು ಗಂಟೆ. ವೆನಿಸ್ ಊರೊಳಗೆ ಬಸ್ ಹೋಗುವ ಹಾಗಿಲ್ಲ, ಅಲ್ಲಿ ರಸ್ತೆಯೇ ಇಲ್ಲ. ಟ್ರೊಂಕೆಟ್ಟೊ ಎನ್ನುವ ಪಾರ್ಕಿಂಗ್ ದ್ವೀಪದಲ್ಲಿ ಇಳಿಯಬೇಕು. ಎಲ್ಲರೂ ಟಾಯ್ಲೆಟ್‌ಗೆ ಹೋಗಿಬಂದು, ದೋಣಿ ಹತ್ತಿ, ಸೇಂಟ್ ಮಾರ್ಕ್ಸ್ ಚೌಕಕ್ಕೆ ಬರುವ ಹೊತ್ತಿಗೆ ಎರಡು ಗಂಟೆ. ಆಮೇಲೆ ಗಾಜು ಊದಿ ಕುದುರೆ ಮಾಡುವುದನ್ನು ತೋರಿಸುವ ಅಂಗಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ಅರ್ಧ ಮುಕ್ಕಾಲು ಗಂಟೆ ಹೋಗುತ್ತದೆ. ಗೊಂಡೋಲಾಕ್ಕೆ, ಅಂದರೆ ಹುಟ್ಟು ಹಾಕುವ ಉದ್ದನೆ ದೋಣಿಗೆ, ಕ್ಯೂ. ಐದು ಗಂಟೆಗೆಲ್ಲ ಮತ್ತೆ ದೋಣಿ, ಮತ್ತೆ ಬಸ್. ಯಾಕೆಂದರೆ ರಾತ್ರಿಯ ಇಂಡಿಯನ್ ಊಟ ಬೇರೆ ಕಡೆ, ಮಲಗುವ ಹೋಟೆಲ್ ಪಾಡುವಾ ಅನ್ನುವ ಊರಿನ ಪಕ್ಕದ ಹೆದ್ದಾರಿಯಲ್ಲಿ. ಕೈಯಲ್ಲಿ ಉಳಿಯುವುದು ಒಂದು ಗಂಟೆ, ಅದೂ ಇಡೀ ದಿನದಲ್ಲೇ ಜನ ಜಾಸ್ತಿ ಇರುವ ಹೊತ್ತಿನಲ್ಲಿ, ಆ ಚೌಕದಲ್ಲೇ.

ಯಾವ ಹೊತ್ತಿನಲ್ಲಿ ಜನ ಜಾಸ್ತಿ ಅನ್ನುವುದನ್ನು ಆ ಊರಿನ ಆಡಳಿತವೇ ಹೇಳಿದೆ. ರಾತ್ರಿ ಉಳಿಯದೆ ಬಂದು ಹೋಗುವವರಿಗೆ 2024ರ ಏಪ್ರಿಲ್ 25ರಿಂದ ವೆನಿಸ್ 5 ಯೂರೋ ಪ್ರವೇಶ ಶುಲ್ಕ ಶುರು ಮಾಡಿತು. 2025ರಲ್ಲಿ ಕೊನೆ ಗಳಿಗೆಯಲ್ಲಿ ಕಟ್ಟುವವರಿಗೆ ಅದು 10 ಯೂರೋ ಆಯಿತು. ಈ ಶುಲ್ಕ ಇರುವುದು ಗೊತ್ತು ಮಾಡಿದ ಕೆಲವು ದಿನ ಮಾತ್ರ, ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ. ನಮ್ಮ ಬಸ್ಸುಗಳು ಇಳಿಸುವುದು ಸರಿಯಾಗಿ ಆ ಹೊತ್ತಿನಲ್ಲೇ. ಹಳೆಯ ವೆನಿಸ್‌ನಲ್ಲಿ ಈಗ ವಾಸ ಮಾಡುವವರು ಐವತ್ತು ಸಾವಿರಕ್ಕಿಂತ ಕಡಿಮೆ. ಅವರಿಗೂ ಹಗಲಿನ ಈ ನೂಕುನುಗ್ಗಲು ಸಾಕಾಗಿ ಹೋಗಿದೆ. ಒಂದು ಗುಂಪಿನಲ್ಲಿ 25 ಜನಕ್ಕಿಂತ ಜಾಸ್ತಿ ಇರಬಾರದು, ಗೈಡ್ ಲೌಡ್‌ಸ್ಪೀಕರ್ ಬಳಸಬಾರದು ಅಂತ 2024ರಲ್ಲೇ ನಿಯಮ ತಂದಿದ್ದಾರೆ.

ಇದೇ ಊರಿನಲ್ಲಿ ಒಂದು ರಾತ್ರಿ ಉಳಿದು ನೋಡಿ. ಸಂಜೆ ಆರರ ಮೇಲೆ ಬಸ್ಸಿನ ಗುಂಪುಗಳೆಲ್ಲ ಹೊರಟುಹೋಗುತ್ತವೆ. ಊಟ ಮುಗಿಸಿ, ಊರಂಚಿನ ಬಸ್ ನಿಲ್ದಾಣವಿರುವ ಪಿಯಾತ್ಸಾಲೆ ರೋಮಾದಲ್ಲಿ 1ನೇ ನಂಬರ್ ವಾಪೊರೆಟ್ಟೊ ಹತ್ತಿ. ಅದು ನಮ್ಮ ಸಿಟಿ ಬಸ್ಸಿನ ಹಾಗೆ ನಿಲ್ದಾಣಕ್ಕೊಂದು ಸಲ ನಿಲ್ಲುವ ಸರ್ಕಾರಿ ದೋಣಿ. ಟಿಕೆಟ್ 9.50 ಯೂರೋ, 75 ನಿಮಿಷ ನಡೆಯುತ್ತದೆ. ದುಬಾರಿಯೇ. ಆದರೆ ಊರಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಎಡಕ್ಕೆ ಬಲಕ್ಕೆ ನಿಲ್ಲುತ್ತಾ ನಿಧಾನವಾಗಿ ಸೇಂಟ್ ಮಾರ್ಕ್ಸ್ ತಲುಪಿಸುತ್ತದೆ. ಹೊರಗಡೆ ಸೀಟು ಸಿಕ್ಕರೆ ಅಲ್ಲೇ ಕೂತುಕೊಳ್ಳಿ. ಹಳೆಯ ಬಂಗಲೆಗಳ ಮೊದಲ ಮಹಡಿಯಲ್ಲಿ ದೀಪ ಹಚ್ಚಿರುತ್ತಾರೆ, ಕಿಟಕಿ ತೆರೆದಿರುತ್ತದೆ. ನೀರಿನ ಮಟ್ಟದಿಂದ ತಲೆ ಎತ್ತಿದರೆ ಒಳಗಿನ ಚಾವಣಿಯ ಚಿತ್ರಗಳು, ದೊಡ್ಡ ದೀಪದ ಗೊಂಚಲು, ಮರದ ತೊಲೆಗಳು ಒಂದಾದ ಮೇಲೊಂದು ದಾಟಿ ಹೋಗುತ್ತವೆ. ಹಗಲಲ್ಲಿ ಇದ್ಯಾವುದೂ ಕಾಣುವುದಿಲ್ಲ. ನಾನು ಕಳಿಸಿದವರಲ್ಲಿ ಈ ಒಂದು ಸವಾರಿಯನ್ನು ನೆನಪಿಸಿಕೊಂಡು ಮಾತಾಡುವವರೇ ಜಾಸ್ತಿ.

ಗೊಂಡೋಲಾ ಬಗ್ಗೆಯೂ ಹೇಳಿಬಿಡುತ್ತೇನೆ, ಅಲ್ಲೇ ಜನ ಮೋಸ ಹೋದೆವು ಅಂದುಕೊಳ್ಳುವುದು. ಊರಿನ ಆಡಳಿತ ಗೊತ್ತು ಮಾಡಿರುವ ದರ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೋ, ಸಂಜೆ 7ರ ಮೇಲೆ 110. ಇದು ತಲೆಗೆ ಅಲ್ಲ, ದೋಣಿಗೆ. ಐದು ಜನ ಕೂರಬಹುದು. ಒಂದೇ ಮನೆಯ ಐದು ಜನ ಇದ್ದರೆ ಲೆಕ್ಕ ಅಷ್ಟೇನೂ ಭಾರವಲ್ಲ. ಅದೂ ಜಾಸ್ತಿ ಅನಿಸಿದರೆ ರಿಯಾಲ್ಟೊ ಮಾರ್ಕೆಟ್ ಹತ್ತಿರ ಕಾಲುವೆಯ ಈ ದಡದಿಂದ ಆ ದಡಕ್ಕೆ ದಾಟಿಸುವ ಗೊಂಡೋಲಾ ಇದೆ, ಟ್ರಗೆಟ್ಟೊ ಅಂತಾರೆ. ತಲೆಗೆ 2 ಯೂರೋ, ಎರಡೇ ನಿಮಿಷ. ಅಲ್ಲಿಯ ಜನ ತರಕಾರಿ ಚೀಲ ಹಿಡಿದು ಅದರಲ್ಲೇ ದಾಟುತ್ತಾರೆ.

"ಗುಂಪಿನವರು ಯಾಕೆ ಸಂಜೆ ನಿಲ್ಲಿಸುವುದಿಲ್ಲ?" ಅಂತ ಎಲ್ಲರೂ ಕೇಳುತ್ತಾರೆ. ಟೂರ್ ಮ್ಯಾನೇಜರ್‌ಗೆ ಮನಸ್ಸಿಲ್ಲ ಅಂತಲ್ಲ. ಯುರೋಪಿನಲ್ಲಿ ಬಸ್ ಡ್ರೈವರ್‌ಗಳಿಗೆ ಕಟ್ಟುನಿಟ್ಟಾದ ಕಾನೂನಿದೆ. ದಿನಕ್ಕೆ 9 ಗಂಟೆ ಮಾತ್ರ ಓಡಿಸಬಹುದು, ವಾರಕ್ಕೆ ಎರಡು ಸಲ 10 ಗಂಟೆಯವರೆಗೆ ಬಿಡುತ್ತಾರೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕೊಡಲೇಬೇಕು. ರಾತ್ರಿ ಸಾಮಾನ್ಯವಾಗಿ 11 ಗಂಟೆ ಸತತ ವಿಶ್ರಾಂತಿ. ಇದೆಲ್ಲ ಬಸ್ಸಿನ ಯಂತ್ರದಲ್ಲಿ ದಾಖಲಾಗುತ್ತದೆ, ಪೊಲೀಸರು ಹಿಡಿದರೆ ದಂಡ ದೊಡ್ಡದು. ಬೆಳಿಗ್ಗೆ 8ಕ್ಕೆ ಹೊರಟ ಬಸ್ಸು ರಾತ್ರಿ 8-9ರೊಳಗೆ ಹೋಟೆಲ್ ಸೇರಿರಬೇಕು ಅನ್ನುವ ಲೆಕ್ಕದಲ್ಲೇ ಟೂರ್ ಕಂಪನಿಗಳು ಇಡೀ ದಿನ ಹೊಂದಿಸುತ್ತವೆ. ಕಾನೂನು ಒಳ್ಳೆಯದೇ, ನಮ್ಮೆಲ್ಲರ ಜೀವ ಉಳಿಸುವುದು ಅದೇ. ಆದರೆ ಊರು ಚೆನ್ನಾಗಿ ಕಾಣುವ ಹೊತ್ತಿಗೆ ನೀವು ಊರ ಹೊರಗಿನ ಹೋಟೆಲ್ ರೂಮಿನಲ್ಲಿರುತ್ತೀರಿ.

ಇದರ ಪೆಟ್ಟು ಪ್ಯಾರಿಸ್‌ನಲ್ಲಿ ಇನ್ನೂ ಜೋರು. ಐಫೆಲ್ ಟವರ್ ದೀಪದಲ್ಲಿ ಮಿನುಗುವ ಫೋಟೋ ನೋಡಿ ಹೋದವರು ಹಗಲ ಬಿಸಿಲಲ್ಲಿ ಕಂದು ಬಣ್ಣದ ಕಬ್ಬಿಣ ನೋಡಿ ಬರುತ್ತಾರೆ. ನಮ್ಮ ಮಕ್ಕಳ ರಜೆ ಏಪ್ರಿಲ್-ಮೇ. ಮೇ ತಿಂಗಳ ಕೊನೆಗೆ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಪೂರ್ತಿ ಕತ್ತಲಾಗಿ, ಗಂಟೆಗೊಮ್ಮೆ ಐದು ನಿಮಿಷ ದೀಪ ಮಿನುಗುವುದನ್ನು ನೋಡಬೇಕಾದರೆ ಹತ್ತೂವರೆ ಹನ್ನೊಂದರವರೆಗೆ ಅಲ್ಲಿರಬೇಕು. ಬಸ್ಸು ಆ ಹೊತ್ತಿಗೆ ನಿಮ್ಮನ್ನು ಹೋಟೆಲಿನಲ್ಲಿ ಇಳಿಸಿ ಎರಡು ಗಂಟೆ ಆಗಿರುತ್ತದೆ. ಮೈಸೂರಿಗೆ ಭಾನುವಾರವೇ ಹೋಗಿ, ಅರಮನೆಗೆ ಸಂಜೆ ಏಳಕ್ಕೆ ದೀಪ ಹಾಕುವ ಮೊದಲೇ ಐದಕ್ಕೆ ಬಸ್ ಹತ್ತಿದ ಹಾಗೆ ಅಲ್ವಾ ಇದು?

ಹೋಟೆಲ್ ಮೆಟ್ರೊ ಹತ್ತಿರ ಇದ್ದರೆ ಈ ಕಷ್ಟ ಇಲ್ಲ. ಊಟ ಆದಮೇಲೆ ನೀವೇ ಮೆಟ್ರೊದಲ್ಲಿ ಐಫೆಲ್ ಟವರ್ ಎದುರಿನ ಟ್ರೊಕಾಡೆರೊಗೆ ಹೋಗಿ ಬರಬಹುದು. ಜೇಬು, ಪರ್ಸ್ ಹುಷಾರು, ಅಷ್ಟೇ. ಅದಕ್ಕೇ ಬುಕ್ ಮಾಡುವಾಗ ಹೋಟೆಲಿನ ಸ್ಟಾರ್ ಕೇಳಬೇಡಿ, ಸ್ಟೇಷನ್‌ಗೆ ಎಷ್ಟು ನಿಮಿಷದ ನಡಿಗೆ ಅಂತ ಕೇಳಿ. ಹೆದ್ದಾರಿ ಪಕ್ಕದ ನಾಲ್ಕು ಸ್ಟಾರ್‌ಗಿಂತ ಊರೊಳಗಿನ ಮೂರು ಸ್ಟಾರ್ ಸಾವಿರ ಪಾಲು ಮೇಲು. ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಇನ್ನು ಮೋನಾಲಿಸಾ. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ, ಗಾಜಿನ ಹಿಂದೆ. ಮುಂದೆ ನೂರಾರು ಕೈಗಳು ಮೊಬೈಲ್ ಎತ್ತಿರುತ್ತವೆ. ಆ ಚಿತ್ರವೊಂದನ್ನೇ ನೋಡಲು ಪ್ಯಾರಿಸ್ಸಿನ ಮ್ಯೂಸಿಯಂ ಲೂವ್ರ್‌ಗೆ ಹೋಗಬೇಡಿ ಅಂತಲೇ ನಾನು ಹೇಳುವುದು. ಹೋದರೆ ಅದೇ ಕೋಣೆಯಲ್ಲಿ ಹಿಂದಕ್ಕೆ ತಿರುಗಿ ನಿಲ್ಲಿ. ಎದುರು ಗೋಡೆಯಲ್ಲಿ ವೆರೊನೀಸ್ ಅನ್ನುವ ಚಿತ್ರಕಾರ ಬರೆದ, ಬೈಬಲ್ಲಿನ ಕಥೆಯ ಕಾನಾ ಊರಿನ ಮದುವೆ ಊಟದ ಚಿತ್ರವಿದೆ, ಸುಮಾರು ಹತ್ತು ಮೀಟರ್ ಅಗಲ. ಬಡಿಸುವವರು, ವಾದ್ಯದವರು, ನಾಯಿಗಳು, ನೂರಕ್ಕೂ ಹೆಚ್ಚು ಜನ. ಮಕ್ಕಳಿಗಂತೂ ಅದರಲ್ಲಿ ಹುಡುಕಿದಷ್ಟೂ ಸಿಗುತ್ತದೆ. ಕೋಣೆ ತುಂಬಾ ಜನ ಇದ್ದರೂ ಅದರ ಮುಂದೆ ನಿಲ್ಲಲು ಜಾಗ ಸಿಗುತ್ತದೆ. ಲೂವ್ರ್‌ಗೆ ಮಂಗಳವಾರ ರಜೆ. ಬುಧವಾರ, ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ, ಸಂಜೆ ಹೋಗುವುದೇ ಒಳ್ಳೆಯದು. 2026ರ ಜನವರಿಯಿಂದ ಯುರೋಪಿನ ಹೊರಗಿನಿಂದ ಬರುವವರಿಗೆ ಟಿಕೆಟ್ 32 ಯೂರೋ ಮಾಡಿದ್ದಾರೆ. ಅಷ್ಟು ಕೊಟ್ಟು ಒಂದು ಗಂಟೆ ಓಡಾಡಿ ಬರುವುದಾದರೆ ಬೇಡವೇ ಬೇಡ.

ಎಲ್ಲ ಊರಿನ ಪರವಾಗಿಯೂ ನಾನು ವಾದ ಮಾಡುತ್ತಿಲ್ಲ. ಬ್ರಸೆಲ್ಸ್‌ನ ಮನ್ನೆಕೆನ್ ಪಿಸ್ ಎರಡು ಅಡಿಯೂ ಇಲ್ಲದ, ಉಚ್ಚೆ ಹೊಯ್ಯುವ ಹುಡುಗನ ಗೊಂಬೆ, ಬೀದಿಯಲ್ಲಿರುವುದು ನಕಲು ಬೇರೆ. ಅಸಲಿ ಇರುವುದು ಗ್ರಾಂದ್ ಪ್ಲಾಸ್ ಚೌಕದ ನಗರ ಮ್ಯೂಸಿಯಂನಲ್ಲಿ. ಆ ಚೌಕವೇ ನೋಡಬೇಕಾದದ್ದು, ಸುಮ್ನೆ ಒಂದು ಗಂಟೆ ಕೂತರೂ ಸಾಲದು. ಗುಂಪುಗಳು ಅದನ್ನು ದಾಟಿಕೊಂಡು ಗೊಂಬೆ ಕಡೆ ಓಡುತ್ತವೆ. ಕೋಪನ್‌ಹೇಗನ್‌ನ ಮತ್ಸ್ಯಕನ್ಯೆಯೂ ನಾಲ್ಕು ಅಡಿ ಎತ್ತರದ ಕಂಚಿನ ಮೂರ್ತಿ. ಅದನ್ನು ನೋಡಲೆಂದೇ ಅಷ್ಟು ದೂರ ನಡೆಯುವುದು ದಂಡ. ಪೀಸಾ ಗೋಪುರ ನಿಜಕ್ಕೂ ಚೆಂದ, ಆದರೆ ಹೊರಗಿನಿಂದ ಫೋಟೋ ತೆಗೆಯಲು ಅರ್ಧ ದಿನ ಕಳೆಯುವುದಾದರೆ ಆ ಅರ್ಧ ದಿನ ಫ್ಲಾರೆನ್ಸ್‌ಗೇ ಸೇರಲಿ.

ಇಷ್ಟೆಲ್ಲ ಗೊತ್ತಿದ್ದರೂ ಏಳು ದೇಶದ ಟೂರ್ ಯಾಕೆ ಪ್ರತಿ ಸಲ ತುಂಬುತ್ತದೆ? ನಮ್ಮ ಟೇಬಲ್ಲಿನ ಆ ಕಡೆ ಕೂತವರು ಹೇಳುವ ಮಾತು ಒಂದೇ. "ಹೇಗೂ ವೀಸಾ ಖರ್ಚು ಆಗ್ತಿದೆ ಮೇಡಂ, ಇನ್ನೊಂದು ದೇಶ ಸೇರಿಸಿ." ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಿಗುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ವೀಸಾ ಬರದಿದ್ದರೂ ಅದು ವಾಪಸ್ ಸಿಗುವುದಿಲ್ಲ. ಜೊತೆಗೆ ವಿಮಾನದ ಟಿಕೆಟ್ಟು, ಇನ್ಶೂರೆನ್ಸು, ಅರ್ಜಿ ಕೊಡಲು ಬೆಂಗಳೂರಿಗೆ ಓಡಾಟ. ಮತ್ತೆ ಹೋಗುತ್ತೇವೋ ಇಲ್ಲವೋ ಅನ್ನುವ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಒಂದು ದೇಶ ಸೇರಿಸಿದರೆ ಕಡಿಮೆಯೆಂದರೂ ಅರ್ಧ ದಿನ ಬಸ್ಸಿನಲ್ಲಿ ಹೋಗುತ್ತದೆ. ಆ ಅರ್ಧ ದಿನವನ್ನು ಪ್ಯಾರಿಸ್ಸೋ ವೆನಿಸ್ಸೋ ಕಳೆದುಕೊಳ್ಳುತ್ತದೆ. ಏಳನ್ನು ಮೂರಕ್ಕೆ ಇಳಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಕೆಲವರು ಎದ್ದು ಬೇರೆ ಏಜೆಂಟ್ ಹತ್ತಿರ ಹೋಗುತ್ತಾರೆ. ಹೋಗಲಿ.

ಗ್ರೂಪ್ ಟೂರ್‌ನಲ್ಲೇ ಹೋಗುವುದು ಅಂತ ತೀರ್ಮಾನವಾಗಿದ್ದರೆ, ವಯಸ್ಸಾದವರಿಗೆ ಎಷ್ಟೋ ಸಲ ಅದೇ ಸರಿ, ಕೈಗೆ ಕೊಡುವ ಇಟಿನರಿಯನ್ನು ಪೆನ್ ಹಿಡಿದು ಓದಿ. ಫೋಟೋ ಸ್ಟಾಪ್ ಅಂತ ಇದ್ದ ಕಡೆ ಬಸ್ಸು ಹದಿನೈದು ಇಪ್ಪತ್ತು ನಿಮಿಷ ನಿಲ್ಲುತ್ತದೆ. ಔಟ್‌ಸೈಡ್ ವ್ಯೂ ಅಂದರೆ ಒಳಗಿನ ಟಿಕೆಟ್ ಇಲ್ಲ. ಡ್ರೈವ್ ಪಾಸ್ಟ್ ಅಂದರೆ ಕಿಟಕಿಯಿಂದಲೇ. ಪ್ರತಿ ಊರಿನ ಮುಂದೆ ತಲುಪುವ ವೇಳೆ, ಬಿಡುವ ವೇಳೆ ಬರೆದುಕೊಡಿ ಅಂತ ಕೇಳಿ. ರಾತ್ರಿ ಹೋಟೆಲ್ ಯಾವ ಊರಲ್ಲಿ ಅಂತ ಕೇಳಿ. "ಪ್ಯಾರಿಸ್ ಅಥವಾ ಹತ್ತಿರದಲ್ಲಿ" ಅಂತ ಬರೆದಿದ್ದರೆ ಅದು ಹತ್ತಿರದಲ್ಲಿ ಅಂತಲೇ ತಿಳಿಯಿರಿ. ಇದಕ್ಕೆ ಉತ್ತರ ಕೊಡಲು ಹಿಂದೆ ಮುಂದೆ ನೋಡುವವರಿಗೆ ಅಡ್ವಾನ್ಸ್ ಕೊಡಬೇಡಿ.

ನೀವೇ ಯೋಜನೆ ಮಾಡುವುದಾದರೆ ವಿಮಾನದಿಂದ ಶುರು ಮಾಡಿ. ಹೋದ ಊರಿಗೇ ವಾಪಸ್ ಬಂದು ವಿಮಾನ ಹತ್ತಬೇಕಾಗಿಲ್ಲ. ಪ್ಯಾರಿಸ್‌ನಲ್ಲಿ ಇಳಿದು ವೆನಿಸ್‌ನಿಂದ ಹೊರಡುವ ಹಾಗೆ ಒಂದೇ ಟಿಕೆಟ್ ಮಾಡಿಸಬಹುದು. ಬುಕ್ ಮಾಡುವಾಗ ಮಲ್ಟಿ-ಸಿಟಿ ಅಂತ ಆರಿಸಿದರಾಯಿತು. ಎಷ್ಟೋ ಸಲ ದರದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಒಂದು ಪೂರ್ತಿ ದಿನ ಉಳಿಯುತ್ತದೆ. ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುಪಾಲು ಮೆಟ್ಟಿಲಿನವು. ಮೊಣಕಾಲು ನೋವಿರುವ ಅಪ್ಪ-ಅಮ್ಮ ಜೊತೆಗಿದ್ದರೆ ಊರಿನ ರೈಲು ನಿಲ್ದಾಣವಾದ ಸಾಂತಾ ಲೂಚಿಯಾ ಸ್ಟೇಷನ್‌ನಿಂದ ಸೇತುವೆ ದಾಟದೆ ಸಿಗುವ ಹೋಟೆಲ್ ಹುಡುಕಿ. ದೊಡ್ಡ ಸೂಟ್‌ಕೇಸ್‌ಗಳನ್ನು ಸ್ಟೇಷನ್‌ನ ಲಗೇಜ್ ಕೌಂಟರಿನಲ್ಲಿ ಬಿಟ್ಟು, ಒಂದು ರಾತ್ರಿಗೆ ಬೇಕಾದಷ್ಟನ್ನು ಚಿಕ್ಕ ಬ್ಯಾಗಿನಲ್ಲಿ ಹಾಕಿಕೊಳ್ಳಿ. ರೂಮು ಸಿಗದೆ, ವೆನಿಸ್ ನಗರಾಡಳಿತಕ್ಕೇ ಸೇರಿದ ನೀರಿನಾಚೆಯ ಮೆಸ್ತ್ರೆಯಲ್ಲಿ ಉಳಿಯಬೇಕಾಗಿ ಬಂದರೂ ಗಾಬರಿ ಬೇಡ. ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಹತ್ತೇ ನಿಮಿಷ, ರಾತ್ರಿ ತಡವಾಗಿಯೂ ರೈಲುಗಳಿರುತ್ತವೆ. ಸ್ಟೇಷನ್ ಎದುರಿನ ಹೋಟೆಲ್ ಹಿಡಿದರೆ ಆಯಿತು. ಶುಲ್ಕ ಇರುವ ದಿನಗಳಲ್ಲಿ ಮೆಸ್ತ್ರೆಯಲ್ಲಿ ತಂಗಿದವರೂ ಅದನ್ನು ಕಟ್ಟಬೇಕಾಗಿಲ್ಲ. ಆದರೆ ವಿನಾಯಿತಿಯ ಕೋಡ್ ಅನ್ನು ಮೊದಲೇ ಆನ್‌ಲೈನ್‌ನಲ್ಲಿ ತೊಗೊಂಡು ಮೊಬೈಲ್‌ನಲ್ಲಿ ಇಟ್ಟುಕೊಂಡಿರಬೇಕು.