ಮನೇಲಿರಿ ಅಂದ್ರೆ ಸಾಕಾಗಲ್ಲ, ಆ ದಿನದ ಕೂಲಿನೂ ಸಿಗ್ಬೇಕು

ಲಾಕ್‌ಡೌನ್ ಮಾಡಿದ್ದು ಸರಿನಾ ತಪ್ಪಾ, ಜೀವ ಉಳಿಸ್ಬೇಕಿತ್ತಾ ದುಡಿಮೆ ಉಳಿಸ್ಬೇಕಿತ್ತಾ ಅಂತ ಈಗ್ಲೂ ಜನ ಕೇಳ್ತಿರ್ತಾರೆ. ಮಲೆನಾಡಲ್ಲಿ ಸಾರ್ವಜನಿಕ ಆರೋಗ್ಯದ ಕೆಲಸ ಮಾಡೋ ನಮ್ಮಂಥ ಡಾಕ್ಟ್ರುಗಳಿಗೆ ಇದು ಕೋವಿಡ್ ತಂದ ಹೊಸ ಪ್ರಶ್ನೆ ಅಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದು ಮಂಗನ ಕಾಯಿಲೆ ಪತ್ತೆ ಆಯ್ತಲ್ಲ, ಅವತ್ತಿಂದ ನಾವು ಜನಕ್ಕೆ ಹೇಳ್ಕೊಂಡು ಬಂದಿರೋದು ಕಾಡಿಗೆ ಹೋಗ್ಬೇಡಿ ಅಂತ. ಬಂದ 100 ಜನರಲ್ಲಿ ಮೂರರಿಂದ ಐದು ಜನರ ಪ್ರಾಣ ತೆಗೆಯೋ ಕಾಯಿಲೆ, ಹೇಳ್ದೇ ಇರೋಕಾಗಲ್ಲ. ಆದ್ರೆ ಇದನ್ನ ಹರಡೋ ಉಣುಗು (ರಕ್ತ ಹೀರೋ ಉಣ್ಣೆ) ಜಾಸ್ತಿ ಆಗೋದು ಡಿಸೆಂಬರ್‌ನಿಂದ ಮೇ ತನಕ, ದರಗು (ಕಾಡಿನ ಒಣ ಎಲೆ) ಗುಡಿಸೋದು ಕಟ್ಟಿಗೆ ತರೋದು ಎಲ್ಲಾ ಅದೇ ತಿಂಗಳುಗಳಲ್ಲಿ, ಕೊಟ್ಟಿಗೆಗೆ ದರಗು ಹಾಕ್ದೆ ಗೊಬ್ಬರ ಆಗಲ್ಲ, ಗೊಬ್ಬರ ಇಲ್ದೆ ತೋಟ ಬರಲ್ಲ. ಹಾಗಾಗಿ ಹೋಗೇ ಹೋಗ್ತಾರೆ. ಉಣುಗು ಕಚ್ಚದ ಹಾಗೆ ಮೈಗೆ ಹಚ್ಕೊಳ್ಳೋಕೆ ಎಣ್ಣೆ ಕೊಟ್ರೆ ಹಚ್ಕೊಂಡು ಹೋಗ್ತಾರೆ, ಕೊಡದಿದ್ರೆ ಹಾಗೇ ಹೋಗ್ತಾರೆ, ಹೋಗೋದಂತೂ ನಿಲ್ಲಲ್ಲ.

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ಕಾಡಿಗೆ ಹೋದವರಿಗೆ ಅಪಾಯ ಅಷ್ಟೇ. ಕೋವಿಡ್‌ನಲ್ಲಿ ಹಾಗಲ್ಲ, ಜ್ವರ ಕಾಣಿಸೋಕೆ ಎರಡು ದಿನ ಮೊದಲೇ ಇನ್ನೊಬ್ರಿಗೆ ಅಂಟೋಕೆ ಶುರು ಆಗಿರುತ್ತೆ, ಒಬ್ಬ ಮನೇಲಿದ್ರೆ ಊರಿಗೆಲ್ಲ ಲಾಭ, ಆದ್ರೆ ನಷ್ಟ ಮಾತ್ರ ಅವನೊಬ್ಬನದೇ. ಆ ನಷ್ಟ ತುಂಬ್ಕೊಡೋದು ನನ್ನ ಪ್ರಕಾರ ಚಿಕಿತ್ಸೆಯ ಭಾಗನೇ, ಔಷಧಿ ಆಕ್ಸಿಜನ್ ಇದ್ದ ಹಾಗೆ. ನಮ್ಮಲ್ಲಿ ಅದನ್ನ ಎಲ್ಲಾ ಮುಗಿದ್ಮೇಲೆ ಕೊಡೋ ಪ್ಯಾಕೇಜ್ ಅಂತ ನೋಡ್ತೀವಿ. "ಡಾಕ್ಟ್ರೇ, ಟೆಸ್ಟ್ ಬ್ಯಾಡ, ಮಾತ್ರೆ ಕೊಡಿ ಸಾಕು" ಅಂತ ಅಡಿಕೆ ಮರದಿಂದ ಕೊನೆ ತೆಗೆಯೋರು, ಅಡಿಕೆ ಸುಲಿಯೋ ಹೆಂಗಸರು ಎಷ್ಟೋ ಜನ ಕೇಳ್ಕೊಂಡಿದ್ದಾರೆ. ಅವರಿಗೆ ತಿಳುವಳಿಕೆ ಇಲ್ಲ ಅಂತ ಮೀಟಿಂಗ್‌ಗಳಲ್ಲಿ ಮಾತಾಡ್ತಿದ್ರು, ನನಗೆ ಅದು ಕೇಳೋಕೇ ಆಗ್ತಿರ್ಲಿಲ್ಲ, ಯಾಕಂದ್ರೆ ಅವರು ಸರಿಯಾಗೇ ಲೆಕ್ಕ ಹಾಕಿದ್ರು. 2020ರ ಮೇನಲ್ಲಿ ಹೋಮ್ ಐಸೊಲೇಷನ್ ನಿಯಮ 17 ದಿನ ಇತ್ತು. ಟೆಸ್ಟ್ ಪಾಸಿಟಿವ್ ಬಂದ್ರೆ 17 ದಿನದ ಕೂಲಿ ಹೋಗುತ್ತೆ, ಮನೆ ಮುಂದೆ ಸೀಲ್‌ಡೌನ್ ಬೋರ್ಡ್ ಬೀಳುತ್ತೆ, ಅಕ್ಕಪಕ್ಕದ ಮನೆಯೋರ ಕೆಲಸಾನೂ ಹೋಗುತ್ತೆ. ಅದೇ 2022ರ ಜನವರಿ ಹೊತ್ತಿಗೆ 7 ದಿನಕ್ಕೆ ಇಳೀತು.

ಇನ್ನೊಂದು ವಿಷ್ಯ ಜನಕ್ಕೆ ಸರಿಯಾಗಿ ಮುಟ್ಟಿಲ್ಲ. ಬಾಗಿಲು ಹಾಕಿಸದಿದ್ರೆ ವ್ಯಾಪಾರ ಮೊದಲಿನ ಹಾಗೇ ನಡೀತಿತ್ತು ಅನ್ಕೊಳ್ತಾರೆ. 2020ರ ಶುರುವಲ್ಲಿ ಡೆನ್ಮಾರ್ಕ್ ಬಿಗಿಯಾಗಿ ಮುಚ್ತು, ಪಕ್ಕದ ಸ್ವೀಡನ್ ಬಹುಪಾಲು ತೆರೆದೇ ಇಟ್ಟಿತ್ತು, ಎರಡೂ ಕಡೆ ಬ್ಯಾಂಕ್ ಗ್ರಾಹಕರ ಖರ್ಚು ತೆಗೆದು ನೋಡಿದ್ರೆ ಸ್ವೀಡನ್‌ನಲ್ಲೂ ಸುಮಾರು ಶೇ. 25 ಬಿದ್ದಿತ್ತು, ಡೆನ್ಮಾರ್ಕ್‌ನಲ್ಲಿ ಶೇ. 29. ಅಂದ್ರೆ ನಷ್ಟದಲ್ಲಿ ದೊಡ್ಡ ಪಾಲು ರೋಗದ ಭಯದ್ದೇ, ಆದೇಶದಿಂದ ಬಂದಿದ್ದು ಮೇಲಿನ ನಾಲ್ಕು. ಆದ್ರೆ ಈ ಲೆಕ್ಕನ ನಮ್ಮೂರಿಗೆ ಹಾಗೇ ತಂದು ಹಾಕೋಕೆ ಆಗಲ್ಲ, ಅಲ್ಲಿ ಮನೇಲಿ ಕೂತೋರಿಗೆ ಸಂಬಳ ಬರ್ತಿತ್ತು. ಇಲ್ಲಿ ಲಾರಿ ನಿಂತಿದ್ದಕ್ಕೆ ಸೊರಬ, ಬನವಾಸಿ ಕಡೆ ದೆಹಲಿಗೆ ಹೋಗ್ಬೇಕಿದ್ದ ಅನಾನಸ್ ಹೊಲದಲ್ಲೇ ಕೊಳೀತು, ಅದು ಭಯದಿಂದ ಆದ ನಷ್ಟ ಅಲ್ಲ, ಆದೇಶದಿಂದ ಆಗಿದ್ದು. ದೇಶದ ಜಿಡಿಪಿ 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಸುಮಾರು ಶೇ. 24 ಕುಸೀತು.

ಹಾಗಂತ ಮುಚ್ಲೇಬಾರದಿತ್ತು ಅಂತ ನಾನು ಹೇಳಲ್ಲ. ಮೊದಲ 21 ದಿನ ಈಗ್ಲೂ ಸಮರ್ಥಿಸ್ತೀನಿ, ಟೆಸ್ಟ್ ಇರ್ಲಿಲ್ಲ, ಪಿಪಿಇ ಇರ್ಲಿಲ್ಲ, ಆಕ್ಸಿಜನ್ ಬೆಡ್ ಹೊಂದಿಸ್ಕೊಳ್ಳೋಕೆ ಟೈಮ್ ಬೇಕಿತ್ತು. ಮುಚ್ಚೋದು ಟೈಮ್ ಕೊಂಡ್ಕೊಳ್ಳೋ ಹಾಗೆ, ಆ ಟೈಮಲ್ಲಿ ಏನು ಮಾಡಿದ್ವಿ ಅಂತ ಕೇಳ್ಬೇಕು. ಶಿವಮೊಗ್ಗ ಜಿಲ್ಲೇಲಿ ಮೇ ಮೊದಲ ವಾರದ ತನಕ ಒಂದು ಕೇಸೂ ಇರ್ಲಿಲ್ಲ, ಆದ್ರೂ ಏಪ್ರಿಲ್‌ನಲ್ಲಿ ಬಹುಪಾಲು ದಿನ ಬೆಂಗಳೂರಿಗಿದ್ದ ಬಿಗಿನೇ ಹೊಸನಗರದ ಹಳ್ಳಿಗೂ ಇತ್ತು. ಜಿಲ್ಲೆ ಗಡಿ ಕಾದು ಒಳಗೆ ಸಂತೆ ನಡೆಸೋಕೆ ಬಿಡಬಹುದಿತ್ತು. ಒಂದರಿಂದ ಐದನೇ ಕ್ಲಾಸು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ, ನೆಟ್‌ವರ್ಕ್ ಹುಡ್ಕೊಂಡು ಗುಡ್ಡ ಹತ್ತಿದ ಮಕ್ಕಳ ಊರಲ್ಲಿ ಕೂತು ಹೇಳ್ತಿದೀನಿ, ಅದು ತೀರಾ ಅತಿಯಾಯ್ತು. ಮತ್ತೆ ಟಿಬಿ: 2019ರಲ್ಲಿ ದೇಶದಲ್ಲಿ ಪತ್ತೆಯಾಗಿದ್ದು ಸುಮಾರು 24 ಲಕ್ಷ, 2020ರಲ್ಲಿ 18 ಲಕ್ಷ. ಕಾಯಿಲೆ ಕಡಿಮೆ ಆಗಿರ್ಲಿಲ್ಲ, ಪತ್ತೆ ಆಗೋದು ಕಡಿಮೆ ಆಗಿತ್ತು, ಆ ಉಳಿದೋರು ಕೆಮ್ಮಿಕೊಂಡು ಮನೇಲೇ ಇದ್ರು. ಹಾಗಾಗಿ ಆರೋಗ್ಯ ಒಂದು ಕಡೆ ದುಡ್ಡು ಇನ್ನೊಂದು ಕಡೆ ಅಂತ ಇಟ್ಟು ತೂಗೋಕೆ ಬರಲ್ಲ, ಎರಡೂ ಕಡೆ ಜೀವ ಇದೆ.

ರಾಜ್ಯ ಸರ್ಕಾರ 2020ರ ಮೇನಲ್ಲಿ ಆಟೋ, ಟ್ಯಾಕ್ಸಿ ಡ್ರೈವರ್‌ಗಳಿಗೆ, ಕ್ಷೌರಿಕರಿಗೆ, ಅಗಸರಿಗೆ ಒಂದು ಸಲಕ್ಕೆ 5,000 ರೂಪಾಯಿ ಘೋಷಿಸ್ತು, ಒಳ್ಳೇದೇ. ಆದ್ರೆ ಲಾಕ್‌ಡೌನ್ ಶುರುವಾಗಿ ಆಗ್ಲೇ ಒಂದೂವರೆ ತಿಂಗಳು ಹತ್ರ ಆಗಿತ್ತು.

ಮುಂದಿನ ಮಹಾಮಾರಿಗೆ ಕಾಯೋದು ಬೇಡ, ಉಣುಗು ಸೀಸನ್‌ನಲ್ಲೇ ಈ ನಷ್ಟ ತುಂಬ್ಕೊಡೋದನ್ನ ಮಾಡಿ ನೋಡಬಹುದು. ಮಂಗ ಸತ್ತ ಸುದ್ದಿ ಬಂದ ತಕ್ಷಣ ಆ ಊರಿನ ಕಾಡಂಚಿನ ಮನೆಗಳಿಗೆ ಪಂಚಾಯ್ತಿ ಉದ್ಯೋಗ ಖಾತ್ರಿ ಕೆಲಸನ ಕೆರೆ, ರಸ್ತೆ ಕಡೆ ಕೊಡ್ಲಿ, ದನಕ್ಕೆ ಒಣಹುಲ್ಲು ಕೊಡ್ಲಿ, ಎಣ್ಣೆ ಬಾಟಲಿನ ಆಶಾ ಕಾರ್ಯಕರ್ತೆ ಮನೆಗೇ ತಲುಪಿಸ್ಲಿ. ದುಡ್ಡು ಮಾತ್ರ ವಾರದೊಳಗೆ ಅಕೌಂಟಿಗೆ ಬೀಳ್ಬೇಕು, ತಿಂಗಳು ಬಿಟ್ಟು ಬಂದ್ರೆ ಅಷ್ಟೊತ್ತಿಗೆ ಅವರು ಕಾಡಿಗೆ ಹೋಗಿ ಬಂದಿರ್ತಾರೆ.